ಹೊಸ ಬಸ್ಸು ಬಂತು, ಹಳೇದು ಎಲ್ಲಿಗೆ ಹೋಯ್ತು?

ಹೊಸ ಬಸ್ಸುಗಳು ಬಂದ ದಿನ ರಾಯಚೂರಿನ ಬಸ್ ನಿಲ್ದಾಣಕ್ಕೆ ಹಬ್ಬದ ಕಳೆ ಬರುತ್ತದೆ. ಮುಂದಿನ ಗಾಜಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಯಾರೋ ಹಸಿರು ಬಾವುಟ ತೋರಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಮರುದಿನ ಪೇಪರಿನಲ್ಲಿ ಬರುತ್ತದೆ: ಇಷ್ಟು ಹೊಸ ಬಸ್ಸು ಬಂದವು ಅಂತ. ಆ ಫೋಟೋ ನೋಡಿದರೆ ನನಗೂ ಖುಷಿಯೇ. ಆದರೆ ಎಷ್ಟು ಬಂದವು ಎಂಬ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇರಬೇಕು. ಅದೇ ವರ್ಷ ಎಷ್ಟು ಹಳೆ ಬಸ್ಸು ರಸ್ತೆಯಿಂದ ಹೋದವು? ಉಳಿದ ಹಳೇವು ಈಗ ಯಾವ ಊರಿಗೆ ಓಡುತ್ತಿವೆ? ಇವೆರಡೂ ಗೊತ್ತಾಗದೆ ಬರೀ ಹೊಸ ಬಸ್ಸಿನ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಬಸ್ಸಿನ ವಯಸ್ಸು ಅಂದರೆ ಏನು ಅಂತ ನೋಡೋಣ. ನಮ್ಮ ಕಾಕಾ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನು ಚಿಕ್ಕವನಿದ್ದಾಗ "ಈ ಬಸ್ಸಿಗೆ ಎಷ್ಟು ವರ್ಷ ಕಾಕಾ?" ಅಂದರೆ ಒಂದೇ ಉತ್ತರ. "ವರ್ಷ ಕೇಳಬ್ಯಾಡೋ, ಎಷ್ಟು ಓಡ್ಯಾದ ಅಂತ ಕೇಳು." ಅದು ಪೂರ್ತಿ ಸರಿ. ರಾಯಚೂರಿನಿಂದ ಲಿಂಗಸುಗೂರಿಗೆ ಹೆಚ್ಚು ಕಡಿಮೆ 90 ಕಿಲೋಮೀಟರ್. ದಿನಕ್ಕೆ ಎರಡು ಸಲ ಹೋಗಿ ಬಂದರೆ 350 ದಾಟುತ್ತದೆ. ಸರಾಸರಿ ದಿನಕ್ಕೆ 300 ಅಂತ ಹಿಡಿದು, ರಿಪೇರಿ, ತಪಾಸಣೆ ಅಂತ ಒಂದು ತಿಂಗಳು ಕಳೆದರೂ ವರ್ಷಕ್ಕೆ 1 ಲಕ್ಷ ಕಿಲೋಮೀಟರ್ ಆಗುತ್ತದೆ. ಹತ್ತು ವರ್ಷಕ್ಕೆ 10 ಲಕ್ಷ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಆ ಬಸ್ಸು ಭೂಮಿಯನ್ನು 25 ಸಲ ಸುತ್ತಿ ಬಂದ ಹಾಗಾಯಿತು. ಮನೆ ಮುಂದೆ ನಿಲ್ಲಿಸಿದ ಹತ್ತು ವರ್ಷದ ಕಾರಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಇನ್ನು ಓಡಿದ ಕಿಲೋಮೀಟರ್ ಎಲ್ಲಾ ಒಂದೇ ತೂಕದ್ದಲ್ಲ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವ ಬಸ್ಸು ಒಂದು ಗೇರಿನಲ್ಲಿ ಗಂಟೆಗಟ್ಟಲೆ ಓಡುತ್ತದೆ. ಹಳ್ಳಿ ರೂಟಿನ ಬಸ್ಸು ಎರಡು ಕಿಲೋಮೀಟರ್‌ಗೊಮ್ಮೆ ನಿಲ್ಲುತ್ತದೆ, ಹೊರಡುತ್ತದೆ. ಒಂದೊಂದು ಸಲಕ್ಕೂ ಕ್ಲಚ್ ಸವೆಯುತ್ತದೆ, ಬ್ರೇಕ್ ಲೈನರ್ ಸವೆಯುತ್ತದೆ. ಸಿಂಧನೂರು, ಗಂಗಾವತಿ ಕಡೆ ನಾಟಿ ಸಮಯದಲ್ಲಿ ರಸ್ತೆ ನೋಡಿದ್ದೀರಲ್ವಾ? ಗದ್ದೆಯಿಂದ ಗದ್ದೆಗೆ ಹೋಗುವ ಟ್ರ್ಯಾಕ್ಟರಿನ ಕೇಜ್ ವೀಲ್, ಅಂದರೆ ಕೆಸರಿಗೆ ಹಾಕುವ ಕಬ್ಬಿಣದ ಚಕ್ರ, ಡಾಂಬರನ್ನು ಕೊರೆದು ಹಾಕಿರುತ್ತದೆ. ಆ ರಸ್ತೆಯಲ್ಲಿ ಬಸ್ಸಿನ ಭಾರ ಹೊರುವ ಕಮಾನ್ ಪಟ್ಟಿ ಎಷ್ಟು ದಿನ ಬಾಳೀತು? ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಶಕ್ತಿನಗರದ ಕಡೆ ಹಾರುಬೂದಿ. ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಇಂಜಿನ್ನಿಗೆ ಉಸಿರು ಸಾಲದು. ಮೇಲೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ರೇಡಿಯೇಟರ್ ಹೋಸು, ರಬ್ಬರ್ ಬುಷ್, ಟಯರ್, ಬ್ಯಾಟರಿ ಎಲ್ಲಾ ಈ ಬಿಸಿಲಿಗೆ ಬೇಗ ಸಾಯುತ್ತವೆ. ಮಲೆನಾಡಿನ ಘಾಟಿಯಲ್ಲಿ ಏರು ಹತ್ತುವ ಬಸ್ಸಿಗೆ ಅದರದ್ದೇ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬಯಲುಸೀಮೆ ಅಂದರೆ ಸಪಾಟು, ಬಸ್ಸಿಗೆ ಸುಖ ಅಂತ ತಿಳಿದವರು ಒಮ್ಮೆ ಮೇ ತಿಂಗಳ ಮಧ್ಯಾಹ್ನ ದೇವದುರ್ಗದ ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟಿನಲ್ಲಿ ಕೂತು ಬರಲಿ.

ಹಾಗಾದರೆ ಬಸ್ಸನ್ನು ಎಲ್ಲಿಯವರೆಗೆ ಓಡಿಸಬೇಕು? ಇದಕ್ಕೆ ಒಂದು ಸರಳ ಲೆಕ್ಕ ಇದೆ. ಅಂಕಿಗಳನ್ನು ನಾನು ಸುಲಭಕ್ಕೆ ಹಿಡಿದಿದ್ದೇನೆ. ಒಂದು ಸಾಮಾನ್ಯ ಬಸ್ಸಿಗೆ 40 ಲಕ್ಷ ರೂಪಾಯಿ ಅಂತಿಟ್ಟುಕೊಳ್ಳಿ. ಅದು 10 ಲಕ್ಷ ಕಿಲೋಮೀಟರ್ ಓಡಿದರೆ ಬಸ್ಸಿನ ಬೆಲೆಯೇ ಕಿಲೋಮೀಟರ್‌ಗೆ 4 ರೂಪಾಯಿ ಬಿತ್ತು. ಈಗ ಹಳೆ ಬಸ್ಸು ಹೊಸದಕ್ಕಿಂತ ಕಿಲೋಮೀಟರ್‌ಗೆ ಎಷ್ಟು ಜಾಸ್ತಿ ತಿನ್ನುತ್ತದೆ ಅಂತ ನೋಡಬೇಕು. ಆ ಜಾಸ್ತಿ ಖರ್ಚು 4 ರೂಪಾಯಿಯ ಒಳಗೆ ಇರುವ ತನಕ ಹಳೇದನ್ನೇ ಓಡಿಸುವುದು ಲಾಭ. ಅದನ್ನು ದಾಟಿದರೆ ಹೊಸದು ಕೊಳ್ಳುವುದೇ ಅಗ್ಗ.

ಮೊದಲು ಡೀಸೆಲ್ ನೋಡೋಣ. ಡಿಪೋದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಕೆಎಂಪಿಎಲ್. ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. ಚೆನ್ನಾಗಿರುವ ಬಸ್ಸು 5 ಕೊಡುತ್ತದೆ, ಇಂಜಿನ್ ಸವೆದ ಬಸ್ಸು 4.5 ಕೊಡುತ್ತದೆ ಅಂದುಕೊಳ್ಳಿ. ಅರ್ಧ ಕಿಲೋಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೆ ಮೊದಲನೇದಕ್ಕೆ ಕಿಲೋಮೀಟರ್‌ಗೆ 18 ರೂಪಾಯಿ, ಎರಡನೇದಕ್ಕೆ 20. ಎರಡು ರೂಪಾಯಿ ವ್ಯತ್ಯಾಸ. ವರ್ಷಕ್ಕೆ 1 ಲಕ್ಷ ಕಿಲೋಮೀಟರ್ ಓಡಿದರೆ ಒಂದೇ ಬಸ್ಸಿನಿಂದ 2 ಲಕ್ಷ ರೂಪಾಯಿ ಹೊಗೆಯಾಗಿ ಹೋಯಿತು. ನಮ್ಮ 4 ರೂಪಾಯಿಯ ಗೆರೆಯಲ್ಲಿ ಅರ್ಧ ಡೀಸೆಲಿಗೇ ಮುಗಿಯಿತು. ಉಳಿದ ಅರ್ಧಕ್ಕೆ ಇಂಜಿನ್ ಬಿಚ್ಚಿ ಕಟ್ಟುವ ಖರ್ಚು, ಗೇರ್‌ಬಾಕ್ಸು, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್, ಬಾಡಿಯ ವೆಲ್ಡಿಂಗು, ಮೆಕ್ಯಾನಿಕ್‌ಗಳ ಸಮಯ, ಕೆಟ್ಟು ನಿಂತಾಗ ತಪ್ಪಿದ ಟ್ರಿಪ್ಪಿನ ಆದಾಯ ಇವೆಲ್ಲಾ ಸೇರಬೇಕು. ಬಸ್ಸಿಗೆ ವಯಸ್ಸಾದ ಹಾಗೆ ಇವು ನಿಧಾನವಾಗಿ ಏರುವುದಿಲ್ಲ. ಒಂದು ಹಂತದವರೆಗೆ ಸುಮ್ಮನಿದ್ದು ಆಮೇಲೆ ಒಟ್ಟಿಗೇ ಬರುತ್ತವೆ.

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೆ ಹಳೆ ಬಸ್ಸನ್ನು ಯಾಕೆ ಎಳೆಯುತ್ತಾರೆ? ಹಳೆ ಬೈಕು ಇಟ್ಟುಕೊಂಡ ಯಾರಿಗೂ ಇದರ ಉತ್ತರ ಗೊತ್ತು. ರಿಪೇರಿಗೆ ಇವತ್ತು ಐನೂರು, ಬರುವ ತಿಂಗಳು ಸಾವಿರ ಹೋಗುತ್ತದೆ. ಹೊಸ ಬೈಕಿಗೆ ಒಂದು ಲಕ್ಷ ಒಮ್ಮೆಲೇ ಬೇಕು. ಸಾಲ ತಂದರೆ ಬಡ್ಡಿ. ಸಾರಿಗೆ ನಿಗಮಕ್ಕೂ ಅಷ್ಟೇ. ರಿಪೇರಿಯ ದುಡ್ಡು ದಿನದ ಕಲೆಕ್ಷನ್‌ನಿಂದ ಹೋಗುತ್ತದೆ, ಹೊಸ ಬಸ್ಸಿಗೆ ಸರ್ಕಾರದ ಅನುದಾನ ಬರಬೇಕು ಇಲ್ಲವೇ ಸಾಲ ಮಾಡಬೇಕು.

ಇದರ ಜೊತೆಗೆ ಈಚಿನ ವರ್ಷಗಳ ಪೆಟ್ಟು. ನಮ್ಮ ಭಾಗದ ನಿಗಮ 2000ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಆಯಿತು. ಕಲಬುರಗಿ ಅದರ ಕೇಂದ್ರ. ಈಗ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಅದರ ವಿಭಾಗಗಳು. 2020ರ ಫೆಬ್ರವರಿಯಲ್ಲಿ ಟಿಕೆಟ್ ದರ ಏರಿತು. ಒಂದೇ ತಿಂಗಳಿಗೆ ಕೊರೊನಾ ಬಂದು ಬಸ್ಸುಗಳು ಡಿಪೋದಲ್ಲೇ ನಿಂತವು. ಆಮೇಲೆ ದರ ಮತ್ತೆ ಏರಿದ್ದು 2025ರ ಜನವರಿ 5ಕ್ಕೆ, ಶೇಕಡಾ 15ರಷ್ಟು. ನಡುವಿನ ಸುಮಾರು ಐದು ವರ್ಷದಲ್ಲಿ ಡೀಸೆಲ್, ಟಯರ್, ಸಂಬಳ ಯಾವುದೂ ನಿಂತಿರಲಿಲ್ಲ. ದರ ಏರಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಬಸ್ಸು ಕೊಳ್ಳುವ ದುಡ್ಡು ಎಲ್ಲಿಂದಲಾದರೂ ಬರಲೇಬೇಕು. ಟಿಕೆಟಿನಿಂದ ಬರದಿದ್ದರೆ ಸರ್ಕಾರ ಕೊಡಬೇಕು. ಎರಡೂ ಕಡೆಯಿಂದ ಬರದಿದ್ದರೆ ಬಸ್ಸಿಗೆ ವಯಸ್ಸಾಗುತ್ತದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆ ದುಡ್ಡನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ನಮ್ಮ ಕಡೆಯ ಕೂಲಿ ಹೆಣ್ಣುಮಕ್ಕಳಿಗೆ, ಕಾಲೇಜಿಗೆ ಹೋಗುವ ಹುಡುಗಿಯರಿಗೆ ಇದರಿಂದ ಎಷ್ಟು ಅನುಕೂಲ ಆಗಿದೆ ಅಂತ ಕಣ್ಣಾರೆ ನೋಡಿದ್ದೇನೆ. ಯೋಜನೆ ಬೇಕು, ಇರಬೇಕು. ಅದೇ ಕಾರಣಕ್ಕೆ ಬಸ್ಸಿನ ಬಗ್ಗೆ ಜಾಸ್ತಿ ಚಿಂತೆ. ಜನ ಹೆಚ್ಚಿದಾಗ 50 ಸೀಟಿನ ಬಸ್ಸಿನಲ್ಲಿ 90 ಜನ ನಿಲ್ಲುತ್ತಾರೆ. ಆ ಭಾರ ಹಳೆ ಪಟ್ಟಿಗಳ ಮೇಲೆ, ಹಳೆ ಬ್ರೇಕಿನ ಮೇಲೆ ಬೀಳುತ್ತದೆ.

ಇನ್ನು ಒಂದು ಬಸ್ಸಿನ ವಯಸ್ಸು ಬಿಟ್ಟು, ಎಲ್ಲಾ ಬಸ್ಸುಗಳ ಒಟ್ಟು ವಯಸ್ಸಿಗೆ ಬರೋಣ. ನನ್ನ ಪ್ರಕಾರ ಜನ ಹೆಚ್ಚು ಮೋಸ ಹೋಗುವುದು ಇಲ್ಲೇ.

ಲೆಕ್ಕಕ್ಕೆ ಒಂದು ವಿಭಾಗದಲ್ಲಿ 600 ಬಸ್ಸು ಇವೆ ಅನ್ನಿ. ಒಂದು ಬಸ್ಸು 12 ವರ್ಷ ಬಾಳುತ್ತದೆ ಅನ್ನಿ. ಆಗ ವರ್ಷಕ್ಕೆ 50 ಬಸ್ಸು ಹಳೇದಾಗಿ ಹೋಗಬೇಕು, 50 ಹೊಸದಾಗಿ ಬರಬೇಕು. ಈ 50 ಬಂದರೆ ಸೇವೆ ಒಂದಿಂಚೂ ಹೆಚ್ಚಾಗಲಿಲ್ಲ, ಇದ್ದಲ್ಲೇ ಇದ್ದೇವೆ ಅಷ್ಟೇ. 51ನೇ ಬಸ್ಸಿನಿಂದ ಮಾತ್ರ ಹೊಸ ಊರಿಗೆ ಹೊಸ ಟ್ರಿಪ್ಪು. ಹಾಗಾಗಿ "ಈ ವರ್ಷ 30 ಹೊಸ ಬಸ್ಸು" ಎಂಬ ಸುದ್ದಿ ಓದಿದರೆ ಖುಷಿಪಡುವ ಮೊದಲು ಕೇಳಬೇಕು, ಎಷ್ಟು ಬೇಕಿತ್ತು ಅಂತ. 50 ಬೇಕಾಗಿದ್ದಾಗ 30 ಬಂದರೆ ಆ ವರ್ಷ ನಾವು 20 ಬಸ್ಸು ಹಿಂದೆ ಬಿದ್ದ ಹಾಗೆ.

ಮೂರು ವರ್ಷ ಒಂದೂ ಬಸ್ಸು ಕೊಳ್ಳಲಿಲ್ಲ ಅಂದರೆ ಏನಾಗುತ್ತದೆ? ಊರಿನ ಶಾಲೆಯಲ್ಲಿ ಮೂರು ವರ್ಷ ಒಂದನೇ ಕ್ಲಾಸಿಗೆ ಒಬ್ಬರೂ ಸೇರಲಿಲ್ಲ ಅಂತ ಯೋಚಿಸಿ. ಮೊದಲಿಗೆ ಗೊತ್ತಾಗುವುದಿಲ್ಲ, ಮೇಲಿನ ಕ್ಲಾಸುಗಳು ತುಂಬಿವೆ. ಆದರೆ ಆ ಖಾಲಿ ಬೆಂಚುಗಳು ವರ್ಷವರ್ಷವೂ ಮೇಲೆ ಸರಿಯುತ್ತಾ ಹೋಗುತ್ತವೆ. ಬಸ್ಸಿನಲ್ಲೂ ಹಾಗೇ. ಆಮೇಲೆ ಬಾಕಿ ತೀರಿಸಲು ಒಂದೇ ವರ್ಷ 200 ಬಸ್ಸು ತಂದರೆ ಫೋಟೋ ಚೆನ್ನಾಗಿ ಬರುತ್ತದೆ. ಆ 200 ಬಸ್ಸುಗಳು ಒಟ್ಟಿಗೇ ಚೆನ್ನಾಗಿರುತ್ತವೆ, ಹತ್ತು ಹನ್ನೆರಡು ವರ್ಷದ ಮೇಲೆ ಒಟ್ಟಿಗೇ ಮುದಿಯಾಗುತ್ತವೆ. ಆಗ ಮತ್ತೆ ಒಂದೇ ವರ್ಷ 80 ಕೋಟಿ ಎಲ್ಲಿಂದ ತರುವುದು? ಪ್ರತಿ ವರ್ಷ ಸ್ವಲ್ಪ ಸ್ವಲ್ಪ ತರುವುದೇ ಒಳ್ಳೆಯದು. ಆದರೆ ನಮ್ಮಲ್ಲಿ ದುಡ್ಡು ಬರುವುದು ಮಳೆ ಬಂದ ಹಾಗೆ, ಬಂದರೆ ಒಮ್ಮೆಲೇ, ಇಲ್ಲದಿದ್ದರೆ ಇಲ್ಲ.

ಸರಾಸರಿ ವಯಸ್ಸು ಅಂತ ಹೇಳುತ್ತಾರಲ್ಲ, ಅದನ್ನೂ ಎಚ್ಚರದಿಂದ ಓದಬೇಕು. ಒಂದು ಡಿಪೋದಲ್ಲಿ 100 ಬಸ್ಸು. ಐವತ್ತಕ್ಕೆ ಒಂದು ವರ್ಷ, ಐವತ್ತಕ್ಕೆ ಹದಿಮೂರು ವರ್ಷ. ಸರಾಸರಿ ಏಳು. ಕಾಗದದ ಮೇಲೆ ಆ ಡಿಪೋ ಹರೆಯದಲ್ಲಿದೆ. ಆದರೆ ಏಳು ವರ್ಷದ ಬಸ್ಸು ಅಲ್ಲಿ ಒಂದೂ ಇಲ್ಲ. ಬೆಂಗಳೂರಿಗೆ ಹೋಗುವವರಿಗೆ ಒಂದು ವರ್ಷದ್ದು ಸಿಗುತ್ತದೆ, ಹಳ್ಳಿಗೆ ಹೋಗುವವರಿಗೆ ಹದಿಮೂರರದ್ದು.

ಇದು ಸುಮ್ನೆ ಹೇಳುವ ಮಾತಲ್ಲ. ಬಸ್ಸಿನ ಬದುಕು ಹೀಗೇ ಇಳಿಯುತ್ತಾ ಹೋಗುತ್ತದೆ. ಹೊಸದು ದೂರದ ರೂಟಿಗೆ ಹಾಕುತ್ತಾರೆ, ರಾತ್ರಿಯಿಡೀ ಓಡಬೇಕು, ನಡುದಾರಿಯಲ್ಲಿ ಕೈ ಕೊಡಬಾರದು. ಕೆಲವು ವರ್ಷದ ಮೇಲೆ ಅದೇ ಬಸ್ಸು ಜಿಲ್ಲೆಯಿಂದ ಜಿಲ್ಲೆಗೆ ಓಡುತ್ತದೆ. ಆಮೇಲೆ ತಾಲ್ಲೂಕಿಗೆ. ಕೊನೆಗೆ ಹಳ್ಳಿಗೆ. ಇದರ ಹಿಂದೆ ಒಂದು ನ್ಯಾಯವಾದ ಕಾರಣ ಇದೆ. ಹಳ್ಳಿ ರೂಟಿನ ಬಸ್ಸು ಕೆಟ್ಟರೆ ಡಿಪೋ ಹತ್ತಿರದಲ್ಲೇ ಇರುತ್ತದೆ, ಮೆಕ್ಯಾನಿಕ್ ಹೋಗಿ ನೋಡಬಹುದು. ಇದನ್ನು ನಾನು ಒಪ್ಪುತ್ತೇನೆ. ಒಪ್ಪದಿರುವುದು ಅದರ ಫಲವನ್ನು. ಜಿಲ್ಲೆಯ ಅತಿ ಕೆಟ್ಟ ರಸ್ತೆ, ಅತಿ ಹೆಚ್ಚು ಜನ, ಅತಿ ಹಳೆಯ ಬಸ್ಸು ಮೂರೂ ಒಂದೇ ಕಡೆ ಸೇರುತ್ತವೆ. ಮತ್ತು ಅಲ್ಲಿ ಇನ್ನೊಂದು ಬಸ್ಸು ಇರುವುದಿಲ್ಲ. ರಾಯಚೂರಿನಿಂದ ಸಿಂಧನೂರಿಗೆ ಒಂದು ಬಸ್ಸು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಒಳಗಿನ ಹಳ್ಳಿಗೆ ದಿನಕ್ಕೆ ಎರಡೇ ಟ್ರಿಪ್ಪು ಇದ್ದರೆ?

ಡಿಪೋದಲ್ಲಿ ಯಾವಾಗಲೂ ಒಂದಿಷ್ಟು ಸ್ಪೇರ್ ಬಸ್ಸು ಇಟ್ಟಿರುತ್ತಾರೆ. ಯಾವುದೋ ಡಾಕಿಂಗ್‌ಗೆ ಹೋಗಿರುತ್ತದೆ, ಅಂದರೆ ಪೂರ್ತಿ ತಪಾಸಣೆಗೆ. ಯಾವುದೋ ಎಫ್‌ಸಿಗೆ ಹೋಗಿರುತ್ತದೆ, ಅಂದರೆ ಬಸ್ಸು ಓಡಲು ಯೋಗ್ಯ ಎಂಬ ಸರ್ಟಿಫಿಕೇಟಿಗೆ. ಅದರ ಜಾಗಕ್ಕೆ ಸ್ಪೇರ್ ಹೋಗುತ್ತದೆ. ಬಸ್ಸುಗಳು ಹಳೇದಾದ ಹಾಗೆ ಶೆಡ್‌ನಲ್ಲಿ ನಿಲ್ಲುವವು ಹೆಚ್ಚುತ್ತವೆ, ಸ್ಪೇರ್ ಬೇಗ ಖಾಲಿಯಾಗುತ್ತದೆ. ಆಗ ಬೆಳಿಗ್ಗೆ ಒಂದು ಶೆಡ್ಯೂಲ್ ರದ್ದು ಮಾಡಲೇಬೇಕು. ಯಾವುದನ್ನು ರದ್ದು ಮಾಡುತ್ತಾರೆ? ಮುಂಗಡ ಬುಕಿಂಗ್ ಆದ ಬೆಂಗಳೂರು ಬಸ್ಸನ್ನಂತೂ ಅಲ್ಲ. ಬಸ್ಸಿನ ವಯಸ್ಸು ಅಂದರೆ ಬರೀ ತುಕ್ಕು ಹಿಡಿದ ತಗಡು, ಹರಿದ ಸೀಟು ಅಲ್ಲ. ಪರೀಕ್ಷೆ ದಿನ ಕ್ರಾಸಿನಲ್ಲಿ ನಿಂತು ಬಸ್ಸು ಬರದೆ ಟಂಟಂ ಹತ್ತುವ ಹುಡುಗಿ ಆ ವಯಸ್ಸಿನ ಲೆಕ್ಕದಲ್ಲಿದ್ದಾಳೆ. ಅವಳ ಹೆಸರು ಯಾವ ಖರ್ಚಿನ ಪುಸ್ತಕದಲ್ಲೂ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಹೊಸ ಬಸ್ಸಿಗೆ ಮೊದಲ ಎರಡು ವರ್ಷಕ್ಕೆ ಎಫ್‌ಸಿ ಸಿಗುತ್ತದೆ. ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನವೀಕರಿಸಬೇಕು. ಇದರ ಮೇಲೆ 2023ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ ಬಂತು. ಸರ್ಕಾರಿ ವಾಹನಗಳಿಗೆ 15 ವರ್ಷ ದಾಟಿದರೆ ನೋಂದಣಿ ನವೀಕರಣ ಇಲ್ಲ. ಸಾರಿಗೆ ನಿಗಮಗಳ ಬಸ್ಸುಗಳೂ ಇದರಲ್ಲಿ ಬಂದವು. ಅವು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ಒಳ್ಳೆಯ ನಿಯಮ. ಆದರೆ 15 ವರ್ಷ ಅನ್ನುವುದು ಕೊನೆಯ ಗೆರೆ, ಗುರಿ ಅಲ್ಲ. ನಮ್ಮ ರಸ್ತೆಯಲ್ಲಿ, ನಮ್ಮ ಬಿಸಿಲಿನಲ್ಲಿ ಹದಿನಾಲ್ಕನೇ ವರ್ಷದ ಬಸ್ಸು ಕಾನೂನಿಗೆ ಸರಿಯಿದ್ದರೂ ದೇಹಕ್ಕೆ ಸರಿಯಿರುವುದು ಕಷ್ಟ. ಕಾಕಾ ಹೇಳಿದ ಮಾತೇ ಮತ್ತೆ. ಕಾನೂನು ವರ್ಷ ಕೇಳುತ್ತದೆ, ಇಂಜಿನ್ನು ಕಿಲೋಮೀಟರ್ ಹೇಳುತ್ತದೆ.

ಹಳೇದನ್ನೇ ಹೊಸದು ಮಾಡುವ ದಾರಿಯೂ ಇದೆ. ಈಚೆಗೆ ಕೆಎಸ್‌ಆರ್‌ಟಿಸಿ ತನ್ನ ಕಾರ್ಯಾಗಾರಗಳಲ್ಲಿ ಹಳೆ ಬಸ್ಸಿನ ಬಾಡಿ ಬಿಚ್ಚಿ, ತುಕ್ಕು ಹಿಡಿದ ಭಾಗ ತೆಗೆದು, ಹೊಸ ತಗಡು, ಹೊಸ ಸೀಟು ಹಾಕಿ ಪುನಶ್ಚೇತನ ಮಾಡಿತು. ಹೊಸ ಬಸ್ಸಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲವು ವರ್ಷದ ಆಯಸ್ಸು ಸಿಗುತ್ತದೆ, ಸ್ವಂತ ಮೆಕ್ಯಾನಿಕ್‌ಗಳ ಕೈಗೆ ಕೆಲಸ ಸಿಗುತ್ತದೆ. ಎಂಟು ಹತ್ತು ವರ್ಷದ ಗಟ್ಟಿ ಚಾಸಿಗೆ ಇದು ಒಳ್ಳೆಯ ಉಪಾಯ. ಆದರೆ ಬಣ್ಣ ಹೊಸದಾದರೂ ಇಂಜಿನ್ ಅದೇ ಇದ್ದರೆ ಡೀಸೆಲ್ ಮೊದಲಿನಷ್ಟೇ ಕುಡಿಯುತ್ತದೆ.

ಇಂಜಿನ್ನಿನ ಮಾತು ಬಂದಿದ್ದಕ್ಕೆ ಹೊಸ ಬಸ್ಸಿನ ಬಗ್ಗೆಯೂ ಹೇಳಲೇಬೇಕು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಹೊಸ ವಾಹನಗಳೆಲ್ಲಾ ಬಿಎಸ್-6, ಅಂದರೆ ಎಷ್ಟು ಹೊಗೆ ಬಿಡಬಹುದು ಎಂಬ ಸರ್ಕಾರದ ಮಿತಿಯ ಆರನೇ ಹಂತ. ಅದಕ್ಕೆ ಮೊದಲು 2017ರಿಂದ ಬಿಎಸ್-4 ಇತ್ತು, ನಡುವಿನ ಐದನ್ನು ಬಿಟ್ಟೇಬಿಟ್ಟರು. ಹೊಗೆ ತುಂಬಾ ಕಡಿಮೆ. ನಿಲ್ದಾಣದಲ್ಲಿ ಹಳೆ ಬಸ್ಸು ರೇಸ್ ಕೊಟ್ಟಾಗ ಕಪ್ಪು ಮೋಡ ಏಳುತ್ತಿತ್ತಲ್ಲ, ಅದು ಇದರಲ್ಲಿ ಇಲ್ಲ. ಇದಕ್ಕೆ ಡೀಸೆಲ್ ಜೊತೆ ಇನ್ನೊಂದು ಟ್ಯಾಂಕಿನಲ್ಲಿ ಒಂದು ದ್ರವ ಹಾಕಬೇಕು. ಶುದ್ಧ ನೀರಿನಲ್ಲಿ ಶೇಕಡಾ 32.5 ಯೂರಿಯಾ ಕರಗಿಸಿದ್ದು. ಹೊಗೆಕೊಳವೆಯಲ್ಲಿ ಅದು ವಿಷದ ಅನಿಲವನ್ನು ಸಾರಜನಕ ಮತ್ತು ನೀರಾವಿ ಮಾಡುತ್ತದೆ. ಯೂರಿಯಾ ಅಂದ ಕೂಡಲೇ ಸಿಂಧನೂರಿನ ರೈತರಿಗೆ ಗದ್ದೆಗೆ ಎರಚುವ ಚೀಲ ನೆನಪಾಗುತ್ತದೆ. ಅದು ಇಲ್ಲಿ ನಡೆಯುವುದಿಲ್ಲ. ಗೊಬ್ಬರದ ಯೂರಿಯಾದಲ್ಲಿ ಇರುವ ಕಲ್ಮಶ ಈ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ಹಾಗಾಗಿ ಹೊಸ ಬಸ್ಸು ಬಂದರೆ ಸಾಲದು, ಅದನ್ನು ನೋಡಿಕೊಳ್ಳುವ ಕೈಯೂ ಹೊಸದಾಗಬೇಕು. ಕಾಕಾ ಇಂಜಿನ್ ಶಬ್ದ ಕೇಳಿಯೇ ಯಾವ ನಾಜಲ್ ಕೆಟ್ಟಿದೆ ಅಂತ ಹೇಳುತ್ತಿದ್ದರು. ಬಿಎಸ್-6 ಬಸ್ಸಿನಲ್ಲಿ ಒಂದು ಸೆನ್ಸರ್ ಕೆಟ್ಟರೆ ಇಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಮಾತ್ರ ಕಾರಣ ಗೊತ್ತಾಗುವುದು. ತಾಲ್ಲೂಕಿನ ಡಿಪೋದಲ್ಲಿ ಆ ಸಲಕರಣೆ, ಕಲಿತ ಹುಡುಗರು, ಬಿಡಿಭಾಗ ಇಲ್ಲದಿದ್ದರೆ ಎರಡು ವರ್ಷದ ಬಸ್ಸೂ ಶೆಡ್‌ನಲ್ಲಿ ನಿಲ್ಲುತ್ತದೆ. ತರಬೇತಿಯ ದುಡ್ಡನ್ನು ಬಸ್ಸಿನ ಬೆಲೆಯ ಒಂದು ಭಾಗ ಅಂತಲೇ ಲೆಕ್ಕ ಹಿಡಿಯಬೇಕು ಅನ್ನುವುದು ನನ್ನ ಅನಿಸಿಕೆ.

ನಿಮ್ಮ ಊರಿನ ಬಸ್ಸಿನ ವಯಸ್ಸು ತಿಳಿಯಬೇಕಾದರೆ ಯಾರನ್ನೂ ಕೇಳಬೇಕಿಲ್ಲ. ನಂಬರ್ ಪ್ಲೇಟ್ ನೋಡಿ. ರಾಯಚೂರಿಗೆ ಕೆಎ 36, ಕೊಪ್ಪಳಕ್ಕೆ 37, ಬಳ್ಳಾರಿಗೆ 34. ನಡುವೆ ಎಫ್ ಅಕ್ಷರ ಇದ್ದರೆ ಅದು ನಿಗಮದ ಬಸ್ಸು. ಆ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿಯಾದ ದಿನ, ಎಫ್‌ಸಿ ಎಲ್ಲಿಯವರೆಗೆ ಇದೆ ಎಲ್ಲಾ ಬರುತ್ತದೆ. ಒಂದು ವಾರ ನಿಮ್ಮ ಊರಿಗೆ ಬರುವ ಬಸ್ಸುಗಳನ್ನು ಬರೆದಿಡಿ. ಜಿಲ್ಲಾ ಕೇಂದ್ರಕ್ಕೆ ಹೋದಾಗ ಬೆಂಗಳೂರಿನ ಬಸ್ಸುಗಳದ್ದೂ ಬರೆದುಕೊಳ್ಳಿ. ಗ್ರಾಮಸಭೆಗೋ ಶಾಸಕರ ಹತ್ತಿರವೋ "ನಮ್ಮೂರಿಗೆ ಡಕೋಟಾ ಬಸ್ಸು ಬರುತ್ತೆ" ಅಂತ ಹೋಗುವುದಕ್ಕಿಂತ ಆ ಎರಡು ಪಟ್ಟಿ ಹಿಡಿದು ಹೋದರೆ ಮಾತಿಗೆ ತೂಕ ಬರುತ್ತದೆ.

ಕಾಕಾನ ಊರಿಗೆ ಮೊದಲಿನಿಂದಲೂ ಒಂದು ವಸ್ತಿ ಬಸ್ಸು ಇದೆ. ರಾತ್ರಿ ಬಂದು ಊರಲ್ಲೇ ಉಳಿದು ನಸುಕಿನಲ್ಲಿ ಹೊರಡುತ್ತದೆ. ಹಾಲಿನ ಕ್ಯಾನು, ತರಕಾರಿ ಬುಟ್ಟಿ, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೋಗುವ ಮುದುಕರು ಎಲ್ಲರಿಗೂ ಅದೇ ಬಸ್ಸು. ಬಸ್ಸು ಹಳೇದಿದ್ದ ವರ್ಷಗಳಲ್ಲಿ ಡ್ರೈವರ್ ಅದನ್ನು ಹನುಮಂತ ದೇವರ ಗುಡಿ ಮುಂದಿನ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಸೆಲ್ಫ್ ಹಿಡಿಯದಿದ್ದರೆ ನಾಲ್ಕು ಜನ ತಳ್ಳಿದರೆ ಸಾಕು ಅಂತ. ಹಾಗೆ ತಳ್ಳಿದವರಲ್ಲಿ ನಾನೂ ಇದ್ದೇನೆ. ಕಳೆದ ಸಲ ಹೋದಾಗ ನೋಡಿದೆ, ಬಸ್ಸು ಪಂಚಾಯಿತಿ ಮುಂದಿನ ಸಪಾಟು ಜಾಗದಲ್ಲಿ ನಿಂತಿತ್ತು. ಕಾಕಾ ಕಟ್ಟೆ ಮೇಲೆ ಕೂತಿದ್ದರು. "ಬ್ಯಾರೆ ಬಸ್ ಕೊಟ್ಟಾರ ಕಾಕಾ?" ಅಂದೆ. "ಹೂಂ, ಈಗ ಎಲ್ಲಿ ಬೇಕಾದಲ್ಲಿ ನಿಲ್ಲಸ್ತಾನ" ಅಂದರು.